ತಾರಸಿಯ ಕಂಬಿಗಳು

ಅಮ್ಮಾನ್, ಅಕ್ಟೋಬರ್ 14, ಮಂಗಳವಾರ

ನಾನು ಬರೆಯುತ್ತಿರುವುದು ಮೂರು ಅಂತಸ್ತಿನ ರೆಸ್ಟೋರೆಂಟಿನ ನಕ್ಷೆ. ಅದಕ್ಕೆ ಎಂಟು ಅಂತಸ್ತು ಹೊರುವ ಕಂಬಗಳನ್ನು ಮಾಲೀಕ ಕೇಳುವುದೇಕೆ? ತಾರಸಿಯಲ್ಲಿ ಕಂಬಿಗಳನ್ನೂ ಕತ್ತರಿಸದೆ ಮೇಲಕ್ಕೆ ಬಿಡಬೇಕಂತೆ.

“ಊರಲ್ಲಿ ಎಲ್ರೂ ಬಿಡ್ತಾರಲ್ಲ ಇಂಜಿನಿಯರಮ್ಮ, ಗಂಡುಮಕ್ಕಳ ಮದ್ವೆ ಆದ್ಮೇಲೆ ಮೇಲೆ ಮನೆ ಎಬ್ಬಿಸೋಕೆ,” ಎಂದ ಮಾಲೀಕ ಫವ್ವಾಜ್.

ಬಿಡುತ್ತಾರೆ, ನಿಜ. ಆದರೆ ಈತನಿಗೆ ಮಕ್ಕಳೇ ಇಲ್ಲ. ಹಳೇ ಪೇಟೆಯನ್ನೆಲ್ಲ ಕೆಡವಿ ಕಟ್ಟುತ್ತಿರುವ ಈ ಹೊತ್ತಿನಲ್ಲಿ ಇನ್ನೇನು ಹೂಡಿದ್ದಾನೋ.

ಸಂಜೆ ನಿವೇಶನದ ಹಿಂಬದಿಯ ಕಾಫಿ ಅಂಗಡಿಯ ಮುದುಕ ಅಬು ಹಿಕ್ಮತ್ ನಕ್ಷೆ ನೋಡಿ ಕೇಳಿದರು: “ನಮ್ಮ ಬಾಲ್ಕನಿಗೆ ಕೋಟೆಗುಡ್ಡ ಮರೆಯಾಗಲ್ಲ ತಾನೆ, ಮಗಳೇ? ಈ ಕಂಬಿ ಯಾಕೆ?”

“ಮಾಲೀಕರ ಮಕ್ಕಳ ಮದುವೆಗೆ,” ಎಂದುಬಿಟ್ಟೆ.

ಅವರ ಮುಖ ಅರಳಿತು. ಏಲಕ್ಕಿ ಕಾಫಿಯನ್ನು ಇನ್ನೊಮ್ಮೆ ಬಗ್ಗಿಸಿ, “ಹಾಗಾದ್ರೆ ಮೇಲೊಂದು ಮನೆ ಎದ್ರೂ ಗುಡ್ಡ ಕಾಣುತ್ತೆ ಬಿಡು. ಆ ಹುಡುಗರನ್ನ ದೇವರು ಚೆನ್ನಾಗಿಟ್ಟಿರ್ಲಿ,” ಎಂದರು.

ಆ ಕಾಫಿಯನ್ನೂ ಕುಡಿದು ಬಂದೆ.