ಹೆಬ್ಬೆರಳಿನ ತುಕ್ಕು

ಫ್ಯಾಕ್ಟರಿ ಕ್ಯಾಂಟೀನು,
ಶುಕ್ರವಾರ ಮಧ್ಯಾಹ್ನ, ಜುಲೈ ೧೨

ನನ್ನ ಮುದ್ದಿನ ಅಮ್ಮಾ,

ಮಂಡಿನೋವು ಹೇಗಿದೆ? ಅಕ್ಕನ ಮಗು ನಿನ್ನನ್ನು ಕೂರಲು ಬಿಡುತ್ತದೋ ಇಲ್ಲವೋ? ನಿನ್ನ ಕೈರುಚಿ ಇಲ್ಲದೆ ನಾನೇನೂ ಬಡಕಲಾಗಿಲ್ಲ, ಗಾಬರಿಯಾಗಬೇಡ. ಸಾರಿಗೆ ಉಪ್ಪು ಮಾತ್ರ ಒಂದು ದಿನ ಹೆಚ್ಚು, ಒಂದು ದಿನ ಮರೆತೇ ಹೋಗುತ್ತದೆ.

ನನ್ನನ್ನು ಈಗ ಬೇರಿಂಗ್‌ಗೆ ಹಾಕುವ ಉಕ್ಕಿನ ಬಳೆಗಳನ್ನು ಪರೀಕ್ಷಿಸುವ ಕೋಣೆಗೆ ಹಾಕಿದ್ದಾರೆ. ತೆರೆಯದ ಕಿಟಕಿ, ಒಂದರ ಹಿಂದೆ ಒಂದು ಎರಡು ಬಾಗಿಲು, ಗಾಳಿಯ ಪಸೆಯನ್ನೆಲ್ಲ ಹೀರುವ ಯಂತ್ರ. ಸಂಜೆಯ ಹೊತ್ತಿಗೆ ಯಾರೋ ನನ್ನನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದ ಹಾಗಾಗುತ್ತದೆ. ಹೊಳಪಿಟ್ಟ ಉಕ್ಕು ಮಹಾ ನಾಜೂಕು ಅಮ್ಮಾ. ಎಣ್ಣೆ ಸವರುವ ಮೊದಲು ಬರಿಗೈ ತಾಗಿದರೆ ಬೆವರಿನ ಉಪ್ಪು, ತೇವ ಅಲ್ಲೇ ಕೂರುತ್ತವೆ. ಗಾಳಿಯ ಆಮ್ಲಜನಕವೂ ಬಂದು ಸೇರಿಕೊಳ್ಳುತ್ತದೆ. ಮೊದಲ ದಿನ ಏನೂ ಕಾಣುವುದಿಲ್ಲ. ಮೂರನೇ ದಿನ ಬೆರಳಿನ ಗೆರೆಗಳು ಕಂದುಬಣ್ಣದಲ್ಲಿ ಎದ್ದು ಬರುತ್ತವೆ. ಎಲ್ಲರ ಕೈಯಿಂದಲೂ ಹೀಗಾಗುವುದಿಲ್ಲವಂತೆ, ಕೆಲವರ ಬೆವರೇ ಹಾಗಂತೆ.

ಸೋಮವಾರ ಒಂದು ಪೆಟ್ಟಿಗೆ ವಾಪಸ್ಸು ಬಂತು, ಬಳೆಗಳ ತುಂಬ ಕಂದು ಗುರುತು. ಸೂಪರ್‌ವೈಸರ್ ಸೀದಾ ಪಕ್ಕದ ಬೆಂಚಿನ ಗುನುಗಮ್ಮನ ಮುಂದೆ ನಿಂತರು. ಸದಾ ಏನಾದರೂ ಗುನುಗುತ್ತಿರುತ್ತಾಳೆಂದು ಅವಳಿಗೆ ಆ ಹೆಸರು. ಕನ್ನಡಕ ಒರೆಸಲು ಆಗಾಗ ಕೈಗವಸು ಕಳಚುವುದೂ ಎಲ್ಲರಿಗೂ ಗೊತ್ತು. "ಇಪ್ಪತ್ತು ವರ್ಷದ ಹಿಂದೆ ಹೀಗೇ ಒಬ್ಬಳಿದ್ಳು, ಮುಟ್ಟಿದ್ದೆಲ್ಲ ತುಕ್ಕು. ಅವಳನ್ನೂ ಮನೆಗೆ ಕಳಿಸಿದ್ವಿ. ಮುಂದಿನ ವಾರದಿಂದ ನೀನೂ ಬರಬೇಡ" ಎಂದರು. ಅವಳ ಗುನುಗು ನಿಂತಿದ್ದು ಇನ್ನೂ ಶುರುವಾಗಿಲ್ಲ.

ಆ ಬಳೆಗಳನ್ನು ಕೈಗವಸು ಕಳಚಿ ಮುಟ್ಟಿದ್ದು ನಾನು ಅಮ್ಮಾ. "ಬಿರುಕಿದ್ರೆ ಮೊದಲು ಬೆರಳಿಗೇ ಗೊತ್ತಾಗೋದು ಕಣೇ" ಎಂದು ನೀನು ಕಲಿಸಿದ್ದೆಯಲ್ಲ, ಅನುಮಾನ ಬಂದ ಬಳೆಯನ್ನೆಲ್ಲ ಬರಿಬೆರಳಲ್ಲಿ ಸವರಿ ನೋಡಿದ್ದೆ. ಬಾಯಿ ಬಿಟ್ಟರೆ ಮನೆಯಲ್ಲಿ ದುಡಿಯುವ ನನ್ನೊಬ್ಬಳ ಕೆಲಸವೂ ಹೋಗುತ್ತದೆ, ಬಿಡದಿದ್ದರೆ ಅವಳದು. ನಾಲ್ಕು ದಿನದಿಂದ ಅವಳ ಪಕ್ಕದಲ್ಲೇ ತಲೆ ತಗ್ಗಿಸಿ ಕೂತಿದ್ದೇನೆ.

ಆ ಇಪ್ಪತ್ತು ವರ್ಷದ ಹಿಂದಿನವಳು ನೀನೇ ಅಲ್ಲವೇ? ನಮಗೆಲ್ಲ ಮಂಡಿನೋವೆಂದು ಹೇಳಿ ಇದೇ ಫ್ಯಾಕ್ಟರಿಯ ಕೆಲಸ ಬಿಟ್ಟೆ. ನಮ್ಮ ಮನೆಯ ಕತ್ತರಿ, ಸೂಜಿ ಒಂದಾದರೂ ತುಕ್ಕು ಹಿಡಿಯದೆ ಉಳಿದಿತ್ತೇ? ಕೋಪವಿಲ್ಲ. ನನಗೊಬ್ಬಳಿಗಾದರೂ ಹೇಳಬಹುದಿತ್ತು.

ಮಗುವಿಗೆ ಮುತ್ತು, ಅಕ್ಕನಿಗೆ ನನ್ನ ನೆನಪು ತಿಳಿಸು.

ನಿನ್ನದೇ ಕೈ ಪಡೆದ
ಚಿಕ್ಕವಳು

ತಾ.ಕ.: ಗಂಟೆ ಹೊಡೆಯಿತು, ಓಡಬೇಕು. ಪಾಸಾಗದ ಎರಡು ಬಳೆಗಳ ಮೇಲೆ ಬರಿ ಹೆಬ್ಬೆರಳು ಒತ್ತಿದ್ದೇನೆ. ಒಂದನ್ನು ನನ್ನ ಹೆಸರಿನ ಚೀಟಿಯ ಜೊತೆ ಸೂಪರ್‌ವೈಸರ್ ಮೇಜಿನ ಮೇಲೆ ಇಟ್ಟು ಬಂದೆ. ಅವರ ಕಿಟಕಿ ಸದಾ ತೆರೆದೇ ಇರುತ್ತದೆ, ಮಳೆಗಾಲದ ತೇವಕ್ಕೆ ತುಕ್ಕೆದ್ದು ಅದು ಯಾರ ಬೆರಳೆಂದು ಸೋಮವಾರ ಬೆಳಿಗ್ಗೆ ಅವರಿಗೇ ಕಾಣುತ್ತದೆ. ಇನ್ನೊಂದು ಈ ಲಕೋಟೆಯಲ್ಲಿದೆ. ನನ್ನ ಗುರುತಿನ ಪಕ್ಕದಲ್ಲಿ ನಿನ್ನದನ್ನೂ ಒತ್ತಿ ಇಟ್ಟುಕೋ.