ಯಂತ್ರ ನಿಲ್ಲಿಸಿದವಳಿಗೆ ಚಪ್ಪಾಳೆ

ಔಷಧ ಕಾರ್ಖಾನೆಯ ಮಾನ್ಯ ಪ್ರಧಾನ ವ್ಯವಸ್ಥಾಪಕರೇ,

ನಿಮ್ಮಲ್ಲಿ ಯಂತ್ರ ನಿಲ್ಲಿಸುವ ಕೆಂಪು ಗುಂಡಿ ಒತ್ತಿದವರು ಸೋಮವಾರದ ಸಭೆಯಲ್ಲಿ ಎದ್ದು ನಿಂತು "ನನ್ನಿಂದ ನಮ್ಮ ಕುಟುಂಬಕ್ಕೆ ನಷ್ಟವಾಯಿತು" ಎನ್ನಬೇಕು, ಉಳಿದವರೆಲ್ಲ ಚಪ್ಪಾಳೆ ತಟ್ಟಬೇಕು. ಈ ಘನ ಪದ್ಧತಿಯನ್ನು ನಿಲ್ಲಿಸಿ ಎಂದು ಕೇಳಲು ಬರೆಯುತ್ತಿದ್ದೇನೆ. ಬರುವ ಸೋಮವಾರ ಹಾಗೆ ನಿಲ್ಲಬೇಕಾದವಳು, ಇಲ್ಲವೇ ಕೆಲಸ ಬಿಡಬೇಕಾದವಳು ನನ್ನ ಸೊಸೆ. ಖುದ್ದಾಗಿ ಹೇಳಲು ಬಂದಿದ್ದೆ. ಬಾಗಿಲಲ್ಲಿದ್ದ ಕಾವಲುಗಾರ "ಸಾಹೇಬ್ರು ಕೆಲಸದವರ ಮನೆಯವರನ್ನ ನೋಡಲ್ಲಮ್ಮ" ಎಂದು ವಾಪಸು ಕಳಿಸಿದ. ನಿಮ್ಮ ಕುಟುಂಬ ಗೇಟಿನ ಒಳಗೆ ಮಾತ್ರ ಎಂದು ಕಾಣುತ್ತದೆ.

ನಿಮ್ಮಲ್ಲಿ ಏನೋ ಕೆಟ್ಟಿದೆ ಎಂದು ನನಗೆ ಗೊತ್ತಾದದ್ದು ನಮ್ಮ ಅಡುಗೆಮನೆಯಲ್ಲಿ. ನನ್ನ ಸೊಸೆ ಮದುವೆಯಾಗಿ ಬಂದ ದಿನದಿಂದ ನನಗೆ ಎದುರು ಮಾತಾಡಿದವಳು. ಈ ಮನೆಯಲ್ಲಿ ಆ ಧೈರ್ಯವಿದ್ದದ್ದು ಅವಳೊಬ್ಬಳಿಗೇ, ನನ್ನ ಮಗನಿಗೆ ಇವತ್ತಿಗೂ ಇಲ್ಲ. ಅಂಥವಳು ನಿಮ್ಮಲ್ಲಿಗೆ ಸೇರಿದ ಮೇಲೆ ಚಮಚ ಬಿದ್ದರೂ "ತಪ್ಪಾಯ್ತು ಅತ್ತೆ" ಎನ್ನತೊಡಗಿದಳು. ಒಂದು ಸಂಜೆ ಹಾಲು ಉಕ್ಕುತ್ತಿದ್ದರೂ ಒಲೆಯ ಮುಂದೆ ಸುಮ್ಮನೆ ನಿಂತು "ಅತ್ತೆ, ಆರಿಸಲಾ?" ಎಂದು ಕೇಳಿದಳು.

"ಉಕ್ಕೋ ಹಾಲಿಗೂ ನನ್ನ ಅಪ್ಪಣೆ ಬೇಕೇನೇ?"

"ಅಭ್ಯಾಸ ಆಗ್ಬಿಟ್ಟಿದೆ."

ಬೇರೆ ಅತ್ತೆಯಾಗಿದ್ದರೆ ಸೊಸೆ ದಾರಿಗೆ ಬಂದಳೆಂದು ಹಿಗ್ಗುತ್ತಿದ್ದಳೇನೋ. ನಾನು ಒಲೆ ಆರಿಸಿದೆ. ಕೂರಿಸಿಕೊಂಡು ಕೇಳಿದೆ.

ಮಕ್ಕಳ ಕೆಮ್ಮಿನ ಔಷಧದ ಬಾಟಲಿಗಳಿಗೆ ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲವಂತೆ. ಅವಳು ಗುಂಡಿ ಒತ್ತಿದ್ದಳು. ಆ ಸೋಮವಾರ ಅವಳೂ ಎದ್ದು ನಿಂತು ಆ ಮಾತು ಹೇಳಿದಳು, ಚಪ್ಪಾಳೆ ಬಿತ್ತು. ಅಲ್ಲಿಂದ ಮುಂದೆ ಸಡಿಲ ಮುಚ್ಚಳ ಕಂಡರೆ ಹೆಂಗಸರು ಯಂತ್ರ ನಿಲ್ಲಿಸದೆ, ಓಡುವ ಬೆಲ್ಟಿನ ಮೇಲೆಯೇ ಕೈಯಿಂದ ಬಿಗಿ ಮಾಡತೊಡಗಿದರು. ನಿಮ್ಮ ನಷ್ಟ ನಿಂತಿತು. ಮೇಲಿನವರಿಂದ ನಿಮಗೆ ಶಹಭಾಸ್‌ಗಿರಿಯೂ ಸಿಕ್ಕಿರಬೇಕು. ಹೋದ ವಾರ ಒಬ್ಬಳ ಕೈ ಬೆಲ್ಟಿಗೆ ಸಿಕ್ಕಿತು. ಬಾಯಿಗೆ ಬಿಡುವೇ ಇಲ್ಲವೆಂದು ಎಲ್ಲರೂ ಅವಳನ್ನು ರೇಡಿಯೊ ಎನ್ನುತ್ತಾರೆ. ರೇಡಿಯೊ ಕಿರುಚಿದಳು. ಪಕ್ಕದಲ್ಲಿದ್ದವರಿಗೆ ಗುಂಡಿ ಕೈಗೆಟುಕುವಷ್ಟು ಹತ್ತಿರವಿತ್ತು. ಅವರು ಮೊದಲು ಮೇಲ್ವಿಚಾರಕರ ಮುಖ ನೋಡಿದರು. ಮೇಲ್ವಿಚಾರಕರು ಗಾಜಿನಾಚೆ ನಿಮ್ಮ ಕೋಣೆಯತ್ತ ನೋಡಿದರು. ತಾವು ಆಗ ಯಾರ ಮುಖ ನೋಡುತ್ತಿದ್ದಿರಿ ಸ್ವಾಮಿ? ಆಚೆ ಸಾಲಿನಿಂದ ನನ್ನ ಸೊಸೆ ಓಡಿಬಂದು ಗುಂಡಿ ಒತ್ತುವಷ್ಟರಲ್ಲಿ ಎರಡು ಬೆರಳು ಜಜ್ಜಿಹೋಗಿದ್ದವು. ತಾವು ಹೊರಬಂದು ಮೊದಲು ಕೇಳಿದ್ದು "ಎಷ್ಟು ಬಾಟಲಿ ಹೋಯ್ತು?" ಎಂದಂತೆ.

ನಾನು ಹೈಸ್ಕೂಲಿನವರೆಗೆ ಓದಿದವಳು, ಆಡಳಿತದ ಪಾಠ ಕೇಳಿದವಳಲ್ಲ. ಆದರೆ ಮೈದುನರು, ವಾರಗಿತ್ತಿಯರು, ಅವರ ಮಕ್ಕಳು, ಎಲ್ಲರನ್ನೂ ಒಂದೇ ಸೂರಿನಡಿ ಸಂಭಾಳಿಸಿದ್ದೇನೆ. ನನ್ನ ಬಾಯಿಯೂ ಸಣ್ಣದಲ್ಲ. ನನ್ನ ಬೈಗುಳ ತಿನ್ನದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಆದರೆ ಹೊಗೆ ಬರುತ್ತಿದೆ ಎಂದು ಕೂಗಿದ ಮಗುವನ್ನು ಬಂಧುಗಳ ಮುಂದೆ ನಿಲ್ಲಿಸಿ, ಕೂಗಿದ್ದು ತಪ್ಪಾಯಿತು ಎಂದು ಹೇಳಿಸಿದವಳಲ್ಲ. ಹಾಗೆ ಮಾಡುವ ಮನೆಗೆ ಕುಟುಂಬ ಎನ್ನುವುದಾದರೆ, ಸೆರೆಮನೆಗೆ ಇನ್ನು ತವರುಮನೆ ಎಂದು ಹೆಸರಿಡಬೇಕಾದೀತು.

ನಿನ್ನೆ ಸೊಸೆ ಹೇಳಿದಳು: "ನಿಂತು ಹೇಳ್ಬಿಡ್ತೀನಿ ಅತ್ತೆ. ಒಂದು ನಿಮಿಷದ ಮಾತು. ಕೆಲಸ ಉಳಿಯುತ್ತೆ."

"ನಿಂತ್ಕೋ. ಆಮೇಲೆ ಇನ್ನೊಬ್ಬಳ ಕೈ ಸಿಕ್ಕಿಹಾಕ್ಕೊಂಡ್ರೆ ಗುಂಡಿ ಯಾರು ಒತ್ತುತ್ತಾರೆ?"

"ನಾನೂ ಒತ್ತಲ್ಲ ಅನ್ಸುತ್ತೆ," ಎಂದಳು.

ಆ ಮಾತಿಗಾಗಿ ನಿಮ್ಮನ್ನು ನಾನು ಕ್ಷಮಿಸುವುದಿಲ್ಲ.

ಆದ್ದರಿಂದ ಕೇಳಿ. ಸೋಮವಾರ ಅವಳು ಸಭೆಗೆ ಬರುತ್ತಾಳೆ, ಕುಳಿತೇ ಇರುತ್ತಾಳೆ. ಹಾಗೆಂದು ಅವಳೇ ಇವತ್ತು ಬೆಳಿಗ್ಗೆ ನನಗೆ ಹೇಳಿದಳು, ಅದೂ ದನಿಯೇರಿಸಿ. ಎದ್ದು ನಿಲ್ಲಬೇಕಾದವರು ನೀವು. ಗುಂಡಿ ಒತ್ತಲು ಯಾರ ಮುಖವನ್ನೂ ನೋಡಬೇಕಿಲ್ಲ, ಒತ್ತಿದವರು ಯಾರಿಗೂ ತಲೆ ಬಾಗಿಸಬೇಕಿಲ್ಲ ಎಂದು ಎಲ್ಲರೆದುರು ನಿಮ್ಮ ಬಾಯಿಂದಲೇ ಹೇಳಿ. ಚಪ್ಪಾಳೆ ತುಸು ಕಡಿಮೆ ಬಿದ್ದರೆ ಬೇಸರಿಸಬೇಡಿ. ಒಬ್ಬಳಿಗೆ ಸದ್ಯಕ್ಕೆ ತಟ್ಟಲಾಗುವುದಿಲ್ಲ.

ಇಂತಿ,
ಮಂಡಿನೋವಿನಿಂದಾಗಿ ಯಾರು ಬಂದರೂ ಎದ್ದು ನಿಲ್ಲಲಾರದ,
ನಿಮ್ಮ ಕೆಲಸಗಾರ್ತಿಯೊಬ್ಬಳ ಅತ್ತೆ