ನಮ್ಮ ಮಾಳಿಗೆಯ ಗಾಳಿ ಶುದ್ಧವಾದ ಬಗೆ

ಹಸಿರು ಪ್ರಮಾಣಪತ್ರ ನೀಡುವ ಮಾನ್ಯ ಸಾಹೇಬರೇ,

ಆರೋಗ್ಯವೇ? ನಿಮ್ಮ ಜೀಪಿನ ಚಾಲಕ ಮರಿಸ್ವಾಮಿಗೆ ನಮ್ಮೂರಲ್ಲಿ ಹತ್ತಿದ ಕೆಮ್ಮು ಇಳಿಯಿತೇ? ಇಲ್ಲಿ ನನ್ನಾಕೆ ವಿರುಪಮ್ಮ ಗಟ್ಟಿಯಾಗಿದ್ದಾಳೆ. ಮೊಮ್ಮಗಳು ಸುಷ್ಮಿತಾಗೆ ಮಾತ್ರ ಉಸಿರು ಸಿಗುತ್ತಿಲ್ಲ. ಇಲ್ಲಿಯ ಗಾಳಿ ಶುದ್ಧವೆಂದು ಗಣಿಯವರಿಗೆ ನೀವು ಕೊಟ್ಟ ಪ್ರಮಾಣಪತ್ರದ ಪ್ರಕಾರ ಅವಳೂ ಆರಾಮಾಗಿ ಇರಬೇಕಿತ್ತು. ಕೂಸಿಗೆ ಓದು ಬಾರದು, ಮನ್ನಿಸಿ.

ಆ ಪ್ರಮಾಣಪತ್ರ ಕಡ್ಡಾಯವಲ್ಲವಂತೆ, ಗಣಿಯವರೇ ಸ್ವಂತ ಇಚ್ಛೆಯಿಂದ ಕೇಳಿ ಪಡೆದದ್ದಂತೆ. ಎಂಥ ದೊಡ್ಡ ಮನಸ್ಸು! ಅವರ ಧೂಳೂ ಹಾಗೆಯೇ, ಯಾರೂ ಕರೆಯದೆ ಸ್ವಂತ ಇಚ್ಛೆಯಿಂದ ನಮ್ಮ ಅನ್ನದ ತಟ್ಟೆಗೆ ಬರುತ್ತದೆ. ನೀವು ಗಾಳಿ ಅಳೆಯುವ ಯಂತ್ರವನ್ನು ನಮ್ಮ ಮಾಳಿಗೆಯ ಮೇಲಿಟ್ಟು, ಗಣಿಯ ಅತಿಥಿಗೃಹಕ್ಕೆ ವಿಶ್ರಾಂತಿಗೆ ಹೋದಿರಿ. ಯಂತ್ರವೊಂದೇ ಉಳಿಯಿತು.

ಗಾದಿಗನೂರಿನಲ್ಲಿ ನೀರಿನ ಕೊಡಕ್ಕೂ ಕೂಸಿನ ತೊಟ್ಟಿಲಿಗೂ ಒದ್ದೆ ಬಟ್ಟೆ ಹೊದಿಸುವುದು ಈಗ ಮನೆಮನೆಯ ರೂಢಿ. ವಿರುಪಮ್ಮ ನನ್ನ ಧೋತ್ರ ನೆನೆಸಿ ನಿಮ್ಮ ಯಂತ್ರಕ್ಕೂ ಹೊದಿಸಿದಳು.

"ಯಾಕಲೇ?" ಎಂದೆ.

"ಪರ ಊರಿಂದ ಬಂದದ್ದು ರೀ, ನಮ್ಮ ಧೂಳು ಕುಡಿದು ಕೆಟ್ರ ಸಾಹೇಬ್ರಿಗೆ ಏನಂತ ಹೇಳೂದು?"

ನನಗೂ ಅದು ಸರಿ ಎನ್ನಿಸಿತು. ಮರುದಿನ ನೀವು ಬರುವ ಮುಂಚೆ ಆಕೆ ಬಟ್ಟೆ ತೆಗೆದು ಹಿಂಡಿದಾಗ ಕುಂಕುಮ ಕದಡಿದಂಥ ನೀರು ಇಳಿಯಿತು. ನೀವು ಒಗ್ಗರಣೆ ಮಂಡಕ್ಕಿ ತಿಂದು, ಯಂತ್ರ ನೋಡಿ, "ಇಷ್ಟು ಶುದ್ಧ ಗಾಳಿ!" ಎಂದು ಬೆರಗಾದಿರಿ. ಅದನ್ನು ನಾವು ಮಂಡಕ್ಕಿಯ ಹೊಗಳಿಕೆಯಂತೆ ಕೇಳಿ ಖುಷಿಪಟ್ಟೆವು.

ಲಾರಿಗಳನ್ನು ಊರ ಹೊರಗಿಂದ ಓಡಿಸುತ್ತೇವೆಂದು ಗಣಿಯವರು ಒಪ್ಪಿದ್ದರು. ನಿಮ್ಮ ಪತ್ರ ಬಂದದ್ದೇ ತಡ, ಆ ಮಾತು ಬಿದ್ದುಹೋಯಿತು. ಈಗ ಲಾರಿಗಳು ಸುಷ್ಮಿತಾಳ ಅಂಗನವಾಡಿಯ ಬಾಗಿಲನ್ನೇ ಸವರಿಕೊಂಡು ಹೋಗುತ್ತವೆ. ಧೋತ್ರದ ಸಂಗತಿ ಹೇಳಲು ಹೋದರೆ ಗಣಿಯ ಮ್ಯಾನೇಜರು ನಕ್ಕುಬಿಟ್ಟರು: "ಅಜ್ಜಾ, ಪತ್ರಕ್ಕ ಕಟ್ಟು ಹಾಕ್ಸಿ ಗ್ವಾಡಿಗೆ ಹಚ್ಚೀವಿ. ಈಗ ಬಂದು ಧೂಳು ಐತಿ ಅಂದ್ರ ಹೆಂಗ?"

ಸಾಹೇಬರೇ, ಮಗು ಯಾವುದನ್ನು ಉಸಿರಾಡಬೇಕು, ಗೋಡೆಯ ಮೇಲಿನ ಪತ್ರವನ್ನೋ? ಆ ಪತ್ರ ಹಿಂದಕ್ಕೆ ಪಡೆಯಿರಿ. ಅಂಗನವಾಡಿಯ ಮುಂದೆಯೇ ಮತ್ತೆ ಅಳೆಯಿರಿ, ಈ ಸಲ ಪಕ್ಕದಲ್ಲೇ ಕುಳಿತು ಕಾಯಿರಿ. ನೆರಳಿಗೆ ಕುರ್ಚಿ ಹಾಕಿಸುವ ಭಾರ ನನ್ನದು. ಯಾವತ್ತು ಬರುತ್ತೀರೆಂದು ಜಲ್ದಿ ಒಂದು ಕಾಗದ ಬರೆಯಿರಿ. ಅಲ್ಲಿಯತನಕ ಕೂಸನ್ನು ಮನೆಯೊಳಗೇ ಇಟ್ಟುಕೊಂಡಿರುತ್ತೇವೆ.

ಇಂತಿ,
ತಮ್ಮ ಕಡತದಲ್ಲಿ ಶುದ್ಧ ಗಾಳಿ ಸೇವಿಸುತ್ತಿರುವ
ಉಚ್ಚೆಂಗಪ್ಪ, ಗಾದಿಗನೂರು